ಏಯ್ಟ್ ಮೈಲ್ಸ್ ಹೈ

"ಏಯ್ಟ್ ಮೈಲ್ಸ್ ಹೈ" ಎಂಬುದು ಅಮೆರಿಕದ ರಾಕ್ ಸಂಗೀತ ತಂಡವಾದ ದಿ ಬರ್ಡ್ಸ್ 1966ರ ಮಾರ್ಚ್ 14ರಂದು ಹೊರತಂದ ಸಿಂಗಲ್ ಧ್ವನಿಮುದ್ರಿಕೆ. ತಂಡದ ಸದಸ್ಯರಾದ ಜೀನ್ ಕ್ಲಾರ್ಕ್, ಜಿಮ್ ಮೆಗ್ವಿನ್ ಮತ್ತು ಡೇವಿಡ್ ಕ್ರಾಸ್ಬಿ ಈ ಗೀತೆಯ ರಚನಕಾರರು. ಸೈಕೆಡೆಲಿಕ್ ರಾಕ್ ಎಂಬ ಸಂಗೀತ ಪ್ರಕಾರದ ಮೊದಲ ಗೀತೆಗಳಲ್ಲಿ ಇದೂ ಒಂದೆಂದು ಸಂಗೀತ ಇತಿಹಾಸಕಾರರು ಗುರುತಿಸುತ್ತಾರೆ; ಹಲವು ವಿಮರ್ಶಕರು ಇದನ್ನೇ ಆ ಪ್ರಕಾರದ ಮೊತ್ತಮೊದಲ ಗೀತೆ ಎಂದು ಕರೆದಿದ್ದಾರೆ. ಜಾನ್ ಕೋಲ್ಟ್ರೇನ್ ಅವರ ಜಾಝ್ ಸಂಗೀತ ಮತ್ತು ಪಂಡಿತ್ ರವಿಶಂಕರ್ ಅವರ ಸಿತಾರ್ ವಾದನದ ಪ್ರಭಾವ ಇದರ ರಚನೆಯ ಮೇಲಿದೆ.

ಬಿಡುಗಡೆಯಾದ ಆರು ವಾರಗಳ ಬಳಿಕ, ಗೀತೆಯು ಮಾದಕ ದ್ರವ್ಯಗಳ ಬಳಕೆಯನ್ನು ಸೂಚಿಸುತ್ತದೆ ಎಂಬ ಆರೋಪದ ಮೇಲೆ ಅಮೆರಿಕದ ಅನೇಕ ರೇಡಿಯೋ ಕೇಂದ್ರಗಳು ಇದರ ಪ್ರಸಾರವನ್ನು ನಿಲ್ಲಿಸಿದವು. ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಗೀತೆ 14ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಇದಕ್ಕೆ ರೇಡಿಯೋ ನಿಷೇಧವೇ ಕಾರಣ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಇತ್ತೀಚಿನ ಸಂಶೋಧನೆಯು ಈ ಅಭಿಪ್ರಾಯವನ್ನು ಪ್ರಶ್ನಿಸಿದೆ.

ಸಂಕ್ಷಿಪ್ತ ವಿವರ

- ಕಲಾವಿದರು: ದಿ ಬರ್ಡ್ಸ್
- ರಚನೆ: ಜೀನ್ ಕ್ಲಾರ್ಕ್, ಜಿಮ್ ಮೆಗ್ವಿನ್, ಡೇವಿಡ್ ಕ್ರಾಸ್ಬಿ
- ಎರಡನೆಯ ಬದಿಯ ಗೀತೆ: "ವೈ"
- ಧ್ವನಿಮುದ್ರಣ: 1966ರ ಜನವರಿ 24 ಮತ್ತು 25, ಕೊಲಂಬಿಯಾ ಸ್ಟುಡಿಯೋ, ಹಾಲಿವುಡ್
- ನಿರ್ಮಾಪಕ: ಅಲೆನ್ ಸ್ಟಾಂಟನ್
- ಬಿಡುಗಡೆ: 1966ರ ಮಾರ್ಚ್ 14 (ಅಮೆರಿಕ)
- ಲೇಬಲ್: ಕೊಲಂಬಿಯಾ (ಅಮೆರಿಕ), ಸಿಬಿಎಸ್ (ಬ್ರಿಟನ್)
- ಅವಧಿ: ಸುಮಾರು ಮೂರೂವರೆ ನಿಮಿಷ
- ಸೇರಿರುವ ಆಲ್ಬಮ್: "ಫಿಫ್ತ್ ಡೈಮೆನ್ಷನ್" (1966)

ಹಿನ್ನೆಲೆ

ದಿ ಬರ್ಡ್ಸ್ ತಂಡವು 1964ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ರೂಪುಗೊಂಡಿತು. ಬಾಬ್ ಡಿಲನ್ ಅವರ "ಮಿಸ್ಟರ್ ಟ್ಯಾಂಬರೀನ್ ಮ್ಯಾನ್" ಗೀತೆಯನ್ನು ವಿದ್ಯುತ್ ಗಿಟಾರ್‌ಗಳೊಂದಿಗೆ ಹಾಡಿದ ತಂಡದ ಧ್ವನಿಮುದ್ರಿಕೆಯು 1965ರಲ್ಲಿ ಅಮೆರಿಕ ಮತ್ತು ಬ್ರಿಟನ್ ಎರಡೂ ದೇಶಗಳಲ್ಲಿ ಪ್ರಥಮ ಸ್ಥಾನ ಪಡೆಯಿತು. ಜಾನಪದ ಶೈಲಿಯ ಗೀತೆ ಮತ್ತು ರಾಕ್ ವಾದನಗಳನ್ನು ಬೆಸೆದ ಈ ಮಾದರಿಗೆ ಫೋಕ್ ರಾಕ್ ಎಂಬ ಹೆಸರು ಬಂದಿತು. ಅದೇ ವರ್ಷದ ಕೊನೆಯಲ್ಲಿ "ಟರ್ನ್! ಟರ್ನ್! ಟರ್ನ್!" ಸಹ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

1965ರ ಆಗಸ್ಟ್‌ನಲ್ಲಿ ತಂಡವು ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ಬೀಟಲ್ಸ್ ತಂಡಕ್ಕೆ ಅಮೆರಿಕ ನೀಡಿದ ಉತ್ತರವೆಂದು ಪ್ರಚಾರಕರು ಬರ್ಡ್ಸ್ ತಂಡವನ್ನು ಬಣ್ಣಿಸಿದ್ದರು. ಇದರಿಂದ ಹುಟ್ಟಿದ ನಿರೀಕ್ಷೆಯನ್ನು ಕಾರ್ಯಕ್ರಮಗಳು ಮುಟ್ಟಲಿಲ್ಲ. ಬ್ರಿಟಿಷ್ ಪತ್ರಿಕೆಗಳ ವಿಮರ್ಶೆಗಳೂ ಕಟುವಾಗಿದ್ದವು. "ಏಯ್ಟ್ ಮೈಲ್ಸ್ ಹೈ" ಗೀತೆಯ ಸಾಹಿತ್ಯಕ್ಕೆ ಈ ಪ್ರವಾಸದ ಅನುಭವಗಳೇ ಮೂಲ.

ಸಾಹಿತ್ಯ

ಗೀತೆಯ ರಚನೆಯು 1965ರ ನವೆಂಬರ್‌ನಲ್ಲಿ, ತಂಡವು ಅಮೆರಿಕದಲ್ಲಿ ಪ್ರವಾಸದಲ್ಲಿದ್ದಾಗ ಆರಂಭವಾಯಿತು. ಪಿಟ್ಸ್‌ಬರ್ಗ್ ನಗರದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ಅವರೊಂದಿಗೆ ನಡೆದ ಮಾತುಕತೆಯ ಬಳಿಕ ಜೀನ್ ಕ್ಲಾರ್ಕ್ ಸಾಹಿತ್ಯವನ್ನು ಬರೆಯತೊಡಗಿದರು. ಎತ್ತರದ ವಿಮಾನಯಾನ, ಇಳಿದ ಮೇಲೆ ಎದುರಾಗುವ ಅಪರಿಚಿತ ನಗರ, ಮಳೆಯಲ್ಲಿ ಬೂದುಬಣ್ಣಕ್ಕೆ ತಿರುಗಿದ ಊರು, ಬೀದಿಗಳಲ್ಲಿ ಗುಂಪುಗೂಡಿದ ಜನ ಮತ್ತು ಆತ್ಮೀಯತೆಯಿಲ್ಲದ ಸ್ವಾಗತ ಇದರಲ್ಲಿ ಚಿತ್ರಿತವಾಗಿವೆ. ಲಂಡನ್ ಎಂಬ ಹೆಸರು ಗೀತೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಘಟನೆಗಳನ್ನು ಕ್ರಮವಾಗಿ ಹೇಳದೆ ಬಿಡಿಬಿಡಿ ಚಿತ್ರಗಳ ಮೂಲಕ ಸೂಚಿಸುವ ಕ್ರಮವನ್ನು ಅನುಸರಿಸಲಾಗಿದೆ. ಪ್ರವಾಸದ ಹಿನ್ನೆಲೆ ತಿಳಿಯದ ಕೇಳುಗನಿಗೆ ಇದು ಭ್ರಮಾಲೋಕದ ವರ್ಣನೆಯಂತೆ ತೋರಲು ಈ ಕ್ರಮವೂ ಒಂದು ಕಾರಣ.

ಎಂಟು ಮೈಲಿ ಎಂದರೆ ಸುಮಾರು 12.9 ಕಿಲೋಮೀಟರ್. ಪ್ರಯಾಣಿಕ ಜೆಟ್ ವಿಮಾನಗಳು ಸಾಮಾನ್ಯವಾಗಿ ಆರರಿಂದ ಏಳು ಮೈಲಿ ಎತ್ತರದಲ್ಲಿ ಹಾರುತ್ತವೆ. ಎಂಟು ಎಂಬ ಸಂಖ್ಯೆ ಕಾವ್ಯಕ್ಕೆ ಹೆಚ್ಚು ಒಪ್ಪುತ್ತದೆ ಎಂಬ ಕಾರಣಕ್ಕೂ, ಬೀಟಲ್ಸ್ ತಂಡದ "ಏಯ್ಟ್ ಡೇಸ್ ಎ ವೀಕ್" ಗೀತೆಯನ್ನು ನೆನಪಿಸುತ್ತದೆ ಎಂಬ ಕಾರಣಕ್ಕೂ ಅದನ್ನು ಆಯ್ದುಕೊಳ್ಳಲಾಯಿತೆಂದು ರಚನಕಾರರು ವಿವರಿಸಿದ್ದಾರೆ.

ಯಾರ ಪಾಲು ಎಷ್ಟು ಎಂಬ ವಿಷಯದಲ್ಲಿ ರಚನಕಾರರಲ್ಲಿ ಒಮ್ಮತವಿರಲಿಲ್ಲ. ಸಾಹಿತ್ಯದ ಬಹುಭಾಗ ತಮ್ಮದೆಂದು ಕ್ಲಾರ್ಕ್ ಹೇಳುತ್ತಿದ್ದರು. ವಿಮಾನಯಾನದ ಕುರಿತು ಬರೆಯುವ ಆಲೋಚನೆ ತಮ್ಮಿಂದ ಬಂದಿತೆಂದು ಮೆಗ್ವಿನ್ ನಂತರದ ವರ್ಷಗಳಲ್ಲಿ ಹೇಳಿಕೊಂಡರು. ಮಳೆಯ ಊರನ್ನು ಕುರಿತ ಸಾಲು ಕ್ರಾಸ್ಬಿ ಅವರದೆಂದು ಹೇಳಲಾಗುತ್ತದೆ.

ಸಂಗೀತ

1965ರ ನವೆಂಬರ್ ಪ್ರವಾಸದುದ್ದಕ್ಕೂ ವಾಹನದಲ್ಲಿ ತಂಡದವರು ಒಂದೇ ಟೇಪನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಅದರಲ್ಲಿ ರವಿಶಂಕರ್ ಅವರ ಸಿತಾರ್ ವಾದನ ಮತ್ತು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಆಲ್ಬಮ್‌ಗಳ ಸಂಗೀತ ಮುದ್ರಿತವಾಗಿತ್ತು. ಕೋಲ್ಟ್ರೇನ್ ಅವರ "ಇಂಪ್ರೆಷನ್ಸ್" ಆಲ್ಬಮ್‌ನ "ಇಂಡಿಯಾ" ಎಂಬ ಕೃತಿಯು "ಏಯ್ಟ್ ಮೈಲ್ಸ್ ಹೈ" ಮೇಲೆ ನೇರ ಪ್ರಭಾವ ಬೀರಿತು. ಮೆಗ್ವಿನ್ ಅವರ ಗಿಟಾರ್ ವಾದನದಲ್ಲಿ ಮೊದಲಿಗೆ ಕೇಳಿಬರುವ ನಾಲ್ಕು ಸ್ವರಗಳ ಗುಚ್ಛವನ್ನು ಅದೇ ಕೃತಿಯಿಂದ ಪಡೆಯಲಾಗಿದೆ.

ಕೋಲ್ಟ್ರೇನ್ ಸ್ವತಃ ರವಿಶಂಕರ್ ಅವರ ಸಂಗೀತವನ್ನು ಗೌರವಿಸುತ್ತಿದ್ದವರು. 1965ರಲ್ಲಿ ಜನಿಸಿದ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟವರು. ಹೀಗಾಗಿ ಭಾರತೀಯ ಸಂಗೀತದ ಪ್ರಭಾವವು ಈ ಗೀತೆಗೆ ಎರಡು ದಾರಿಗಳಿಂದ ಬಂದಿತು: ಸಿತಾರ್ ಧ್ವನಿಮುದ್ರಿಕೆಗಳಿಂದ ನೇರವಾಗಿ ಮತ್ತು ಕೋಲ್ಟ್ರೇನ್ ಅವರ ಜಾಝ್ ಮೂಲಕ ಪರೋಕ್ಷವಾಗಿ. ಇವುಗಳಲ್ಲಿ ಎರಡನೆಯದೇ ಪ್ರಬಲವಾದುದು.

ಗೀತೆಯು ಕ್ರಿಸ್ ಹಿಲ್ಮನ್ ಅವರ ಬಾಸ್ ಗಿಟಾರ್‌ನ ಗಂಭೀರ ನಾದದಿಂದ ಆರಂಭವಾಗುತ್ತದೆ. ಆ ಬಳಿಕ ಮೆಗ್ವಿನ್ ಅವರ ಹನ್ನೆರಡು ತಂತಿಗಳ ರಿಕನ್‌ಬ್ಯಾಕರ್ ಗಿಟಾರ್ ಸೇರಿಕೊಳ್ಳುತ್ತದೆ. ಅದುವರೆಗಿನ ಬರ್ಡ್ಸ್ ಗೀತೆಗಳಲ್ಲಿ ಈ ವಾದ್ಯವು ಗಂಟೆಯ ದನಿಯಂತಹ ಇಂಪಾದ ನಾದಕ್ಕೆ ಹೆಸರಾಗಿತ್ತು. ಇಲ್ಲಿ ಅದರಿಂದ ಬಿರುಸಾದ, ಒಡೆದೊಡೆದು ಬರುವ, ಸ್ವರಸಂಗತಿಯ ಎಲ್ಲೆಯನ್ನು ಮೀರುವ ನುಡಿಸಾಣಿಕೆ ಹೊಮ್ಮುತ್ತದೆ. ಸ್ಯಾಕ್ಸೋಫೋನ್ ವಾದನದ ಧಾಟಿಯನ್ನು ಗಿಟಾರ್ ಮೇಲೆ ತರಲು ತಾವು ಯತ್ನಿಸಿದುದಾಗಿ ಮೆಗ್ವಿನ್ ತಿಳಿಸಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ, ಕ್ಲಾರ್ಕ್, ಮೆಗ್ವಿನ್ ಮತ್ತು ಕ್ರಾಸ್ಬಿ ಒಟ್ಟಾಗಿ ಹಾಡುವ ಗಾಯನವು ನಿಧಾನವೂ ಶಾಂತವೂ ಆಗಿದೆ. ಕ್ರಾಸ್ಬಿ ಅವರ ಲಯದ ಗಿಟಾರ್ ಮತ್ತು ಮೈಕಲ್ ಕ್ಲಾರ್ಕ್ ಅವರ ಡ್ರಮ್ಸ್ ವಾದನ ಗೀತೆಯ ವೇಗವನ್ನು ಕಾಯ್ದುಕೊಳ್ಳುತ್ತವೆ.

ಸಿತಾರ್ ವಾದ್ಯವನ್ನು ಈ ಧ್ವನಿಮುದ್ರಣದಲ್ಲಿ ಬಳಸಿಲ್ಲ. ಆರೋಹಣ, ಅವರೋಹಣಗಳ ನಿಯಮವುಳ್ಳ ಯಾವುದೇ ರಾಗವನ್ನೂ ಗೀತೆಯು ಅನುಸರಿಸುವುದಿಲ್ಲ. ಸಾಮಾನ್ಯ ಪಾಪ್ ಗೀತೆಗಳಂತೆ ಸ್ವರಮೇಳಗಳನ್ನು ಬೇಗಬೇಗನೆ ಬದಲಿಸದೆ, ಒಂದು ಆಧಾರ ಸ್ವರದ ಮೇಲೆ ನಿಂತು ಬೆಳೆಯುವ ಗಿಟಾರ್ ವಾದನದಲ್ಲಿ ಮಾತ್ರ ಶ್ರುತಿಯನ್ನು ಆಧರಿಸಿದ ಭಾರತೀಯ ಸಂಗೀತದ ಛಾಯೆಯನ್ನು ಕಾಣಬಹುದು.

ಧ್ವನಿಮುದ್ರಣ

ಗೀತೆಯನ್ನು ಎರಡು ಬಾರಿ ಧ್ವನಿಮುದ್ರಿಸಲಾಯಿತು. ಮೊದಲ ಮುದ್ರಣವು 1965ರ ಡಿಸೆಂಬರ್ 22ರಂದು ಹಾಲಿವುಡ್‌ನ ಆರ್‌ಸಿಎ ಸ್ಟುಡಿಯೋದಲ್ಲಿ ನಡೆಯಿತು. ಎರಡನೆಯ ಬದಿಗೆ ಬಳಸಲಾದ "ವೈ" ಗೀತೆಯ ಮೊದಲ ಆವೃತ್ತಿಯೂ ಅಲ್ಲಿಯೇ ಸಿದ್ಧವಾಯಿತು. ಆದರೆ ತಂಡದೊಂದಿಗೆ ಒಪ್ಪಂದ ಹೊಂದಿದ್ದ ಕೊಲಂಬಿಯಾ ಸಂಸ್ಥೆಯು, ತನ್ನ ಸ್ಟುಡಿಯೋದಲ್ಲಿ ತಯಾರಾಗಿಲ್ಲವೆಂಬ ಕಾರಣಕ್ಕೆ ಈ ಮುದ್ರಣವನ್ನು ಬಿಡುಗಡೆ ಮಾಡಲು ನಿರಾಕರಿಸಿತು. ಇದರಿಂದಾಗಿ 1966ರ ಜನವರಿ 24 ಮತ್ತು 25ರಂದು ಕೊಲಂಬಿಯಾ ಸ್ಟುಡಿಯೋದಲ್ಲಿ ಅಲೆನ್ ಸ್ಟಾಂಟನ್ ಅವರ ಮೇಲ್ವಿಚಾರಣೆಯಲ್ಲಿ ಎರಡೂ ಗೀತೆಗಳನ್ನು ಹೊಸದಾಗಿ ಮುದ್ರಿಸಲಾಯಿತು. ಜನರಿಗೆ ತಲುಪಿದ್ದು ಈ ಎರಡನೆಯ ಆವೃತ್ತಿ.

ಮೊದಲ ಆವೃತ್ತಿಯಲ್ಲಿ ಹೆಚ್ಚು ಸಹಜತೆಯಿತ್ತೆಂದು ಮೆಗ್ವಿನ್ ಮತ್ತು ಕ್ರಾಸ್ಬಿ ನಂತರ ಅಭಿಪ್ರಾಯಪಟ್ಟರು. ಅದು 1987ರಲ್ಲಿ "ನೆವರ್ ಬಿಫೋರ್" ಎಂಬ ಸಂಕಲನದಲ್ಲಿ ಪ್ರಕಟವಾಯಿತು. 1996ರಲ್ಲಿ ಮರುಬಿಡುಗಡೆಯಾದ "ಫಿಫ್ತ್ ಡೈಮೆನ್ಷನ್" ಆಲ್ಬಮ್‌ನಲ್ಲಿಯೂ ಅದನ್ನು ಸೇರಿಸಲಾಗಿದೆ.

ಬಿಡುಗಡೆ ಮತ್ತು ಪ್ರಚಾರ

ಸಿಂಗಲ್ ಬಿಡುಗಡೆಯಾಗುವ ಹೊತ್ತಿಗೆ ಜೀನ್ ಕ್ಲಾರ್ಕ್ ತಂಡವನ್ನು ತೊರೆಯುತ್ತಿದ್ದರು. ಅವರ ನಿರ್ಗಮನಕ್ಕೆ ವಿಮಾನಯಾನದ ಭಯವು ಮುಖ್ಯ ಕಾರಣವೆಂದು ಹೇಳಲಾಗಿದೆ. 1966ರ ಆರಂಭದಲ್ಲಿ ನ್ಯೂಯಾರ್ಕ್‌ಗೆ ಹೊರಡಲಿದ್ದ ವಿಮಾನದಿಂದ ಅವರು ಕೆಳಗಿಳಿದು ಹಿಂದಿರುಗಿದ್ದರು. ಗೀತೆಗಳ ರಚನೆಯಿಂದ ಅವರಿಗೆ ಇತರರಿಗಿಂತ ಹೆಚ್ಚು ಆದಾಯ ಬರುತ್ತಿದ್ದುದು ತಂಡದೊಳಗೆ ಅಸಮಾಧಾನವನ್ನು ಉಂಟುಮಾಡಿತ್ತು. ಪರಿಣಾಮವಾಗಿ, ವಿಮಾನ ಪ್ರಯಾಣವನ್ನು ಕುರಿತ ಈ ಗೀತೆಯ ಪ್ರಚಾರದ ಹೊತ್ತಿನಲ್ಲಿ ಅದರ ಪ್ರಧಾನ ಸಾಹಿತ್ಯಕಾರರೇ ತಂಡದೊಂದಿಗಿರಲಿಲ್ಲ.

ಕೊಲಂಬಿಯಾ ಸಂಸ್ಥೆಯ ಪ್ರಚಾರ ಸಾಮಗ್ರಿಯು ಗೀತೆಯನ್ನು ವರ್ಣಿಸಲು "ರಾಗ ರಾಕ್" ಎಂಬ ಹೊಸ ಪದವನ್ನು ಬಳಸಿತು. ನ್ಯೂಯಾರ್ಕ್‌ನಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ತಂಡದವರು ಸಿತಾರ್ ವಾದ್ಯವನ್ನು ಮುಂದಿರಿಸಿಕೊಂಡು ಪತ್ರಕರ್ತರಿಗೆ ಉತ್ತರಿಸಿದರು. ಪತ್ರಿಕೆಗಳು ಈ ಪದವನ್ನು ಸ್ವೀಕರಿಸಿದವು. ಭಾರತೀಯ ಸಂಗೀತದ ಛಾಯೆಯುಳ್ಳ ಇತರ ತಂಡಗಳ ರಾಕ್ ಗೀತೆಗಳಿಗೂ ಅದು ಅನ್ವಯವಾಯಿತು. ಮೆಗ್ವಿನ್ ಅವರಾಗಲಿ ಕ್ರಾಸ್ಬಿ ಅವರಾಗಲಿ ಮುಂದಿನ ವರ್ಷಗಳಲ್ಲಿ ಈ ಹಣೆಪಟ್ಟಿಯನ್ನು ಒಪ್ಪಲಿಲ್ಲ. ಭಾರತೀಯ ಪ್ರಭಾವವು "ಏಯ್ಟ್ ಮೈಲ್ಸ್ ಹೈ"ಗಿಂತ ಎರಡನೆಯ ಬದಿಯ "ವೈ" ಗೀತೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿದೆ.

ರೇಡಿಯೋ ನಿಷೇಧ

1960ರ ದಶಕದ ಅಮೆರಿಕದಲ್ಲಿ ಸಿಂಗಲ್ ಒಂದರ ಮಾರಾಟವು ರೇಡಿಯೋ ಪ್ರಸಾರವನ್ನು ಬಹುಮಟ್ಟಿಗೆ ಅವಲಂಬಿಸಿತ್ತು. ಯಾವ ಗೀತೆಯನ್ನು ಪ್ರಸಾರ ಮಾಡಬೇಕೆಂದು ನಿರ್ಧರಿಸುವಾಗ ಕೇಂದ್ರಗಳ ನಿರ್ದೇಶಕರು ವೃತ್ತಿಪತ್ರಿಕೆಗಳ ಸಲಹೆಯನ್ನು ಗಮನಿಸುತ್ತಿದ್ದರು. ಬಿಲ್ ಗ್ಯಾವಿನ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಡಿಸುತ್ತಿದ್ದ "ಗ್ಯಾವಿನ್ ರಿಪೋರ್ಟ್" ಇಂತಹ ಪತ್ರಿಕೆಗಳಲ್ಲಿ ಪ್ರಭಾವಶಾಲಿಯಾಗಿತ್ತು.

1966ರ ಏಪ್ರಿಲ್ 29ರ ಸಂಚಿಕೆಯಲ್ಲಿ ಈ ಪತ್ರಿಕೆಯು "ಏಯ್ಟ್ ಮೈಲ್ಸ್ ಹೈ" ಮತ್ತು ಬಾಬ್ ಡಿಲನ್ ಅವರ "ರೈನಿ ಡೇ ವಿಮೆನ್ #12 & 35" ಗೀತೆಗಳು ಮಾದಕ ದ್ರವ್ಯಗಳ ಬಳಕೆಯನ್ನು ಸೂಚಿಸುತ್ತವೆ ಎಂದು ಆಕ್ಷೇಪಿಸಿತು. ಇದರ ಬೆನ್ನಲ್ಲೇ ಹಲವು ಕೇಂದ್ರಗಳು ಬರ್ಡ್ಸ್ ಗೀತೆಯನ್ನು ಪ್ರಸಾರದಿಂದ ತೆಗೆದುಹಾಕಿದವು. ಇದು ಸರ್ಕಾರ ಹೊರಡಿಸಿದ ನಿಷೇಧವಾಗಿರಲಿಲ್ಲ. ಕೇಂದ್ರಗಳು ತಾವಾಗಿಯೇ ಪ್ರತ್ಯೇಕವಾಗಿ ಕೈಗೊಂಡ ತೀರ್ಮಾನವಾಗಿತ್ತು.

ಆರೋಪದ ಮೂಲವು ಶೀರ್ಷಿಕೆಯ ಕೊನೆಯ ಪದದಲ್ಲಿದೆ. ಇಂಗ್ಲಿಷ್ ಭಾಷೆಯ "ಹೈ" ಎಂಬ ಪದಕ್ಕೆ ಎತ್ತರ ಎಂಬ ಅರ್ಥವಿರುವಂತೆಯೇ ಆಡುಮಾತಿನಲ್ಲಿ ಅಮಲೇರಿದ ಸ್ಥಿತಿ ಎಂಬ ಅರ್ಥವೂ ಇದೆ. ಕಾಲವೂ ಈ ಎರಡನೆಯ ಅರ್ಥಕ್ಕೆ ಒತ್ತು ನೀಡುವಂತಿತ್ತು. ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ರಾಸಾಯನಿಕದ ಕುರಿತು "ಲೈಫ್" ಪತ್ರಿಕೆಯು 1966ರ ಮಾರ್ಚ್‌ನಲ್ಲಿ ಮುಖಪುಟ ಲೇಖನವನ್ನು ಪ್ರಕಟಿಸಿತ್ತು ಮತ್ತು ಪೋಷಕರಲ್ಲಿ ಆತಂಕ ಹರಡಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಅದರ ಬಳಕೆಯನ್ನು ಕಾನೂನುಬಾಹಿರಗೊಳಿಸಿತು.

ತಂಡದ ಸದಸ್ಯರು ಮತ್ತು ಅವರ ಪ್ರಚಾರಾಧಿಕಾರಿ ಡೆರೆಕ್ ಟೇಲರ್ ಆರೋಪವನ್ನು ಬಲವಾಗಿ ಅಲ್ಲಗಳೆದರು. ಗೀತೆಯು ವಿಮಾನ ಪ್ರಯಾಣ ಮತ್ತು ಇಂಗ್ಲೆಂಡ್ ಪ್ರವಾಸವನ್ನು ಕುರಿತದ್ದೆಂದು ಅವರು ವಾದಿಸಿದರು. ಈ ಸಮರ್ಥನೆಯು ಪೂರ್ಣ ಸತ್ಯವಾಗಿರಲಿಲ್ಲ. ಗೀತೆಯಲ್ಲಿ ಮಾದಕ ದ್ರವ್ಯಗಳ ಅನುಭವದ ಸೂಚನೆಯೂ ಸ್ವಲ್ಪಮಟ್ಟಿಗೆ ಇದ್ದಿತೆಂದು ಕ್ಲಾರ್ಕ್ ಮತ್ತು ಕ್ರಾಸ್ಬಿ ಹಲವು ವರ್ಷಗಳ ನಂತರ ಒಪ್ಪಿಕೊಂಡರು. ಹೀಗೆ ಗೀತೆಯು ಎರಡೂ ಅರ್ಥಗಳಿಗೆ ಅವಕಾಶವೀಯುತ್ತದೆ: ಅದರ ವಿವರಗಳು ವಿಮಾನಯಾನಕ್ಕೆ ಸಂಬಂಧಿಸಿದವು, ಶೀರ್ಷಿಕೆಯ ಶ್ಲೇಷೆ ಮಾತ್ರ ಆಕಸ್ಮಿಕವಲ್ಲ.

ವಾಣಿಜ್ಯಿಕ ಫಲಿತಾಂಶ ಮತ್ತು ಅದರ ಕಾರಣಗಳ ಚರ್ಚೆ

"ಏಯ್ಟ್ ಮೈಲ್ಸ್ ಹೈ" ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 14ನೆಯ ಸ್ಥಾನವನ್ನೂ ಬ್ರಿಟನ್ ಪಟ್ಟಿಯಲ್ಲಿ 24ನೆಯ ಸ್ಥಾನವನ್ನೂ ತಲುಪಿತು. ಅಮೆರಿಕದಲ್ಲಿ ಮೊದಲ ಇಪ್ಪತ್ತು ಸ್ಥಾನಗಳೊಳಗೆ ಬಂದ ಬರ್ಡ್ಸ್ ಗೀತೆಗಳಲ್ಲಿ ಇದು ಮೂರನೆಯದು ಮತ್ತು ಕೊನೆಯದು.

ಗೀತೆಯು ಇನ್ನೂ ಮೇಲೇರದಿರಲು ನಿಷೇಧವೇ ಕಾರಣವೆಂದು ತಂಡದವರೂ ಅನೇಕ ಲೇಖಕರೂ ನಂಬಿದ್ದರು. 2010ರಲ್ಲಿ "ಪಾಪ್ಯುಲರ್ ಮ್ಯೂಸಿಕಾಲಜಿ ಆನ್‌ಲೈನ್" ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾದ ಮಾರ್ಕ್ ಟೀಹನ್ ಅವರ ಅಧ್ಯಯನವು ಈ ನಂಬಿಕೆಯನ್ನು ಪರಿಶೀಲನೆಗೆ ಒಳಪಡಿಸಿತು. ವಿವಿಧ ಪ್ರದೇಶಗಳ ರೇಡಿಯೋ ಪಟ್ಟಿಗಳು ಮತ್ತು ಮಾರಾಟದ ಪಟ್ಟಿಗಳನ್ನು ಹೋಲಿಸಿದ ಟೀಹನ್, ಗೀತೆಯ ಸಂಕೀರ್ಣವಾದ ಹಾಗೂ ಜನಪ್ರಿಯ ಮಾದರಿಗೆ ಒಗ್ಗದ ಸ್ವರೂಪವೇ ಅದರ ಸೀಮಿತ ಯಶಸ್ಸಿಗೆ ಮುಖ್ಯ ಕಾರಣ ಎಂಬ ತೀರ್ಮಾನಕ್ಕೆ ಬಂದರು. ನಿಷೇಧದಿಂದ ಪ್ರಸಾರ ಕಡಿಮೆಯಾಯಿತೆಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ಸಂಸ್ಥೆಯ ಪ್ರಚಾರದ ಕೊರತೆ ಮತ್ತು ಕ್ಲಾರ್ಕ್ ಅವರ ನಿರ್ಗಮನವನ್ನೂ ಅವರು ಕಾರಣಗಳಾಗಿ ಗುರುತಿಸಿದ್ದಾರೆ.

ಅದೇ ವಸಂತದ ಇತರ ಎರಡು ಗೀತೆಗಳ ಫಲಿತಾಂಶವು ಈ ಚರ್ಚೆಯಲ್ಲಿ ಗಮನಾರ್ಹ. ಡಿಲನ್ ಅವರ ಗೀತೆಯು ಗ್ಯಾವಿನ್ ಪತ್ರಿಕೆಯ ಅದೇ ಆಕ್ಷೇಪಕ್ಕೆ ಗುರಿಯಾಗಿಯೂ ಹಾಟ್ 100 ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಮಾದಕ ದ್ರವ್ಯಗಳ ವಿರುದ್ಧ ಎಚ್ಚರಿಸುವ "ಕಿಕ್ಸ್" ಎಂಬ ಗೀತೆಯನ್ನು ಪಾಲ್ ರಿವೀರ್ ಅಂಡ್ ದ ರೈಡರ್ಸ್ ತಂಡವು ಹಾಡಿತ್ತು. ಅದು 4ನೆಯ ಸ್ಥಾನ ಪಡೆಯಿತು. ಈ ಮೂರೂ ಗೀತೆಗಳು ಕೊಲಂಬಿಯಾ ಸಂಸ್ಥೆಯವೇ. ಆಕ್ಷೇಪವೊಂದೇ ಗೀತೆಯ ಗತಿಯನ್ನು ನಿರ್ಧರಿಸಲು ಸಾಕಾಗುತ್ತಿರಲಿಲ್ಲ ಎಂಬುದನ್ನು ಡಿಲನ್ ಅವರ ಗೀತೆಯ ಯಶಸ್ಸು ತೋರಿಸುತ್ತದೆ. ಆದರೆ ಡಿಲನ್ ಅವರ ಗೀತೆಯು ಸಾಮೂಹಿಕ ಗಾಯನಕ್ಕೆ ಒದಗುವ ಸರಳ ರಚನೆಯಾಗಿದ್ದು, ಮೊದಲ ಕೇಳ್ವಿಕೆಗೇ ಮನಸ್ಸಿನಲ್ಲಿ ಉಳಿಯುವಂತಹುದು. "ಏಯ್ಟ್ ಮೈಲ್ಸ್ ಹೈ" ಆ ಬಗೆಯದಲ್ಲ. ಅಂತಹ ಗೀತೆಗೆ ಪದೇ ಪದೇ ಪ್ರಸಾರವಾಗುವ ಅವಕಾಶವೇ ಹೆಚ್ಚು ಮುಖ್ಯ ಎಂಬುದರಿಂದ, ನಿಷೇಧದ ಪರಿಣಾಮವನ್ನು ಸಂಪೂರ್ಣವಾಗಿ ತಳ್ಳಿಹಾಕುವಂತೆಯೂ ಇಲ್ಲ.

ತಂಡದ ಮೇಲಿನ ಪರಿಣಾಮ

1966ರ ಜುಲೈನಲ್ಲಿ ಗೀತೆಯು "ಫಿಫ್ತ್ ಡೈಮೆನ್ಷನ್" ಎಂಬ ತಂಡದ ಮೂರನೆಯ ಆಲ್ಬಮ್‌ನಲ್ಲಿ ಸೇರಿತು. ಆ ಆಲ್ಬಮ್‌ನಿಂದ ಹೊರಬಂದ "5ಡಿ" ಎಂಬ ಸಿಂಗಲ್ ಮೇಲೂ ಮಾದಕ ದ್ರವ್ಯಗಳ ಸೂಚನೆಯ ಆರೋಪ ಕೇಳಿಬಂದಿತು. ಅದು ಅಮೆರಿಕದಲ್ಲಿ 44ನೆಯ ಸ್ಥಾನದಲ್ಲಿ ನಿಂತಿತು. 1967ರಲ್ಲಿ ಜಿಮ್ ಮೆಗ್ವಿನ್ ತಮ್ಮ ಹೆಸರನ್ನು ರೋಜರ್ ಎಂದು ಬದಲಿಸಿಕೊಂಡರು. ಅದೇ ವರ್ಷದ ಶರತ್ಕಾಲದಲ್ಲಿ ಕ್ರಾಸ್ಬಿ ತಂಡದಿಂದ ಹೊರಬಿದ್ದರು. ಇದರೊಂದಿಗೆ ಗೀತೆಯ ಮೂವರು ರಚನಕಾರರಲ್ಲಿ ಮೆಗ್ವಿನ್ ಮಾತ್ರ ಸ್ಥಿರವಾಗಿ ತಂಡದಲ್ಲಿ ಉಳಿದರು.

ನಂತರದ ಸದಸ್ಯರೊಂದಿಗೂ ತಂಡವು ಈ ಗೀತೆಯನ್ನು ವೇದಿಕೆಗಳಲ್ಲಿ ನುಡಿಸುತ್ತಿತ್ತು. 1970ರ "ಅನ್‌ಟೈಟಲ್ಡ್" ಆಲ್ಬಮ್‌ನಲ್ಲಿ ಸುಮಾರು ಹದಿನಾರು ನಿಮಿಷಗಳ ನೇರ ಕಾರ್ಯಕ್ರಮದ ಆವೃತ್ತಿಯಿದ್ದು, ಅದು ಧ್ವನಿಮುದ್ರಿಕೆಯ ಒಂದು ಇಡೀ ಬದಿಯನ್ನು ಆವರಿಸಿದೆ. ಅದರಲ್ಲಿ ವಾದ್ಯಸಂಗೀತವೇ ಪ್ರಧಾನವಾಗಿದ್ದು, ಗಾಯನವು ಕೊನೆಯ ಭಾಗದಲ್ಲಿ ಮಾತ್ರ ಬರುತ್ತದೆ.

ಮಹತ್ವ ಮತ್ತು ಮನ್ನಣೆ

ಸೈಕೆಡೆಲಿಕ್ ರಾಕ್ ಯಾವ ಗೀತೆಯಿಂದ ಆರಂಭವಾಯಿತೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1966ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಯಾರ್ಡ್‌ಬರ್ಡ್ಸ್ ತಂಡವು ಹೊರತಂದ "ಶೇಪ್ಸ್ ಆಫ್ ಥಿಂಗ್ಸ್" ಗೀತೆಯನ್ನೂ ಈ ಸಂದರ್ಭದಲ್ಲಿ ಹೆಸರಿಸಲಾಗುತ್ತದೆ. ಬೀಟಲ್ಸ್ ತಂಡದ "ಟುಮಾರೋ ನೆವರ್ ನೋಸ್" ಗೀತೆಯ ಮುದ್ರಣವು "ಏಯ್ಟ್ ಮೈಲ್ಸ್ ಹೈ" ಬಿಡುಗಡೆಯಾದ ನಂತರ, 1966ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮೂರೂವರೆ ನಿಮಿಷಗಳ ಪಾಪ್ ಸಿಂಗಲ್ ಒಳಗೆ ಜಾಝ್ ಮಾದರಿಯ ಮುಕ್ತ ವಾದನ, ಆಧಾರ ಸ್ವರವನ್ನು ಅವಲಂಬಿಸಿದ ವಿಸ್ತಾರ ಮತ್ತು ಅಸ್ಪಷ್ಟ ಚಿತ್ರಗಳ ಸಾಹಿತ್ಯವನ್ನು ಒಟ್ಟುಗೂಡಿಸಿದ್ದು "ಏಯ್ಟ್ ಮೈಲ್ಸ್ ಹೈ" ಗೀತೆಯ ವೈಶಿಷ್ಟ್ಯ. ಮುಂದಿನ ಎರಡು ಮೂರು ವರ್ಷಗಳಲ್ಲಿ ರಾಕ್ ತಂಡಗಳು ದೀರ್ಘವಾದ ಗಿಟಾರ್ ವಾದನದತ್ತ ಸಾಗಲು ಇದು ದಾರಿ ತೋರಿದ ಗೀತೆಗಳಲ್ಲಿ ಒಂದೆನಿಸಿದೆ.

1999ರಲ್ಲಿ ಗೀತೆಯನ್ನು ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. 2004ರಲ್ಲಿ "ರೋಲಿಂಗ್ ಸ್ಟೋನ್" ಪತ್ರಿಕೆಯು ಪ್ರಕಟಿಸಿದ ಸಾರ್ವಕಾಲಿಕ 500 ಶ್ರೇಷ್ಠ ಗೀತೆಗಳ ಪಟ್ಟಿಯಲ್ಲಿ ಇದಕ್ಕೆ 150ನೆಯ ಸ್ಥಾನ ದೊರೆಯಿತು. ತಂಡದ ಐವರು ಮೂಲ ಸದಸ್ಯರನ್ನು 1991ರ ಜನವರಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಜೀನ್ ಕ್ಲಾರ್ಕ್ ನಿಧನರಾದರು. ಡೇವಿಡ್ ಕ್ರಾಸ್ಬಿ 2023ರ ಜನವರಿಯಲ್ಲಿ ನಿಧನರಾದರು.

ಇತರ ಕಲಾವಿದರ ಆವೃತ್ತಿಗಳು

- ಗೋಲ್ಡನ್ ಇಯರಿಂಗ್ (1969): ನೆದರ್‌ಲ್ಯಾಂಡ್ಸ್‌ನ ಈ ತಂಡವು ಗೀತೆಯನ್ನು ಸುಮಾರು ಹತ್ತೊಂಬತ್ತು ನಿಮಿಷಗಳಿಗೆ ವಿಸ್ತರಿಸಿ, ಅದರ ಹೆಸರನ್ನೇ ತನ್ನ ಆಲ್ಬಮ್‌ಗೆ ಇಟ್ಟಿತು.
- ಲಿಯೋ ಕಾಟ್ಕಿ (1971): ಗಿಟಾರ್ ವಾದಕರಾದ ಇವರ "ಮಡ್‌ಲಾರ್ಕ್" ಆಲ್ಬಮ್‌ನಲ್ಲಿದೆ.
- ರಾಕ್ಸಿ ಮ್ಯೂಸಿಕ್ (1980): ಬ್ರಿಟನ್ನಿನ ಈ ತಂಡದ "ಫ್ಲೆಶ್ ಅಂಡ್ ಬ್ಲಡ್" ಆಲ್ಬಮ್‌ನಲ್ಲಿದೆ.
- ಹಸ್ಕರ್ ಡು (1984): ಮಿನಿಯಾಪೊಲಿಸ್ ಪ್ರದೇಶದ ಈ ತಂಡವು ಗೀತೆಯನ್ನು ಪಂಕ್ ಶೈಲಿಯ ವೇಗ ಮತ್ತು ಅಬ್ಬರದೊಂದಿಗೆ ಸಿಂಗಲ್ ರೂಪದಲ್ಲಿ ಹೊರತಂದಿತು. ಮೂಲದ ಶಾಂತ ಗಾಯನದ ಬದಲಿಗೆ ಇದರಲ್ಲಿ ಚೀರುವ ದನಿಯನ್ನು ಬಳಸಲಾಗಿದೆ.